ಮಟಿಲ್ಡಾಳ ಇಂಡಿಯಾ ಪ್ರಯಾಣ ಎಲ್ಲಿ ಹೋಯಿತು?

ಪ್ರಶ್ನೆ: ರೋಆಲ್ಡ್ ಡಾಲ್ ಅವರ ‘ಮಟಿಲ್ಡಾ’ ಕಾದಂಬರಿಯ ಹಳೆಯ ಪ್ರತಿ ನನ್ನಲ್ಲಿದೆ. ಮಗಳಿಗೆಂದು ಈಚೆಗೆ ಹೊಸದನ್ನು ಕೊಂಡೆ. ಹಳೆಯದರಲ್ಲಿ ಮಟಿಲ್ಡಾ ಪುಸ್ತಕ ಓದುತ್ತ ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಜೊತೆ ಇಂಡಿಯಾಕ್ಕೆ ಹೋಗುತ್ತಾಳೆ. ಹೊಸದರಲ್ಲಿ ಅಮೆರಿಕದ ಲೇಖಕ ಸ್ಟೈನ್‌ಬೆಕ್ ಜೊತೆ ಕ್ಯಾಲಿಫೋರ್ನಿಯಾಕ್ಕೆ! ಲೇಖಕರು ತೀರಿಕೊಂಡ ಮೇಲೆ ಹೀಗೆ ತಿದ್ದುವುದು ಸರಿಯೇ? ಮಗಳಿಗೆ ಯಾವುದನ್ನು ಕೊಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಹಳೆಯದನ್ನೇ ಕೊಡಿ. ಅದರಲ್ಲಿರುವುದು ಡಾಲ್ 1988ರಲ್ಲಿ ಪ್ರಕಟಿಸಿದ ಮಾತು. ಅವರು 1990ರಲ್ಲಿ ತೀರಿಕೊಂಡರು. ಪ್ರಕಾಶಕರಾದ ಪಫಿನ್ ಮತ್ತು ಹಕ್ಕುದಾರ ಕಂಪನಿ ಸೇರಿ ಭಾಷೆಯ ಪರಿಶೀಲನೆ ಆರಂಭಿಸಿದ್ದು 2020ರಲ್ಲಿ. ಡಾಲ್ ಪುಸ್ತಕಗಳಲ್ಲಿ ನೂರಾರು ಕಡೆ ಕತ್ತರಿ ಆಡಿದೆ ಎಂಬುದು ಜಗತ್ತಿಗೆ ಗೊತ್ತಾದದ್ದು 2023ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ಪತ್ರಿಕೆಯೊಂದು ಹಳೆಯ ಮತ್ತು ಹೊಸ ಪಠ್ಯಗಳನ್ನು ಹೋಲಿಸಿ ನೋಡಿದಾಗ.

ನೀವು ಹೇಳಿದ ಪುಟದಲ್ಲಿ ಕಿಪ್ಲಿಂಗ್ ಅಷ್ಟೇ ಅಲ್ಲ, ಕಾದಂಬರಿಕಾರ ಕಾನ್ರಾಡ್ ಕೂಡ ಹೋಗಿದ್ದಾರೆ, ಕಾನ್ರಾಡ್ ಜಾಗಕ್ಕೆ ಜೇನ್ ಆಸ್ಟಿನ್ ಬಂದಿದ್ದಾರೆ. ಹೆಮಿಂಗ್ವೇ ಜೊತೆಗಿನ ಆಫ್ರಿಕಾ ಪ್ರಯಾಣ ಮಾತ್ರ ಉಳಿದಿದೆ. ಸಾಮ್ರಾಜ್ಯದ ಗುಣಗಾನ ಮಾಡಿದ ಕಿಪ್ಲಿಂಗ್ ಮೇಲೆ ಭಾರತೀಯರಾದ ನಮಗೆ ತಕರಾರು ಇರಲಿ, ಇರಬೇಕು. ಆದರೆ ಆ ತಕರಾರನ್ನು ಮಗುವಿನೊಂದಿಗೆ ಚರ್ಚಿಸುವ ಅವಕಾಶವೇ ಹೊಸ ಪ್ರತಿಯಲ್ಲಿ ಇಲ್ಲ. ಅವರ ಜೊತೆಗೆ ನಮ್ಮ ದೇಶವೂ ಪುಟದಿಂದ ಹೊರಗೆ ಹೋಯಿತು.

ಅಳಿಸುವುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸೇರಿಸುವುದು. ಡಾಲ್ ಅವರದೇ ‘ದಿ ವಿಚಸ್’ ಕಾದಂಬರಿಯಲ್ಲಿ ಮಾಟಗಾತಿಯರು ಬೋಳುತಲೆಗೆ ವಿಗ್ ಹಾಕಿಕೊಳ್ಳುತ್ತಾರೆ. ಹೆಂಗಸರು ವಿಗ್ ಧರಿಸಲು ಬೇರೆ ಎಷ್ಟೋ ಕಾರಣಗಳಿರುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ ಎಂಬರ್ಥದ ವಾಕ್ಯವೊಂದು ಅಲ್ಲಿ ಹೊಸದಾಗಿ ಬಂದಿದೆ. ಕಾಯಿಲೆಯಿಂದ ಕೂದಲು ಕಳೆದುಕೊಂಡ ತಾಯಿಯ ಮಗುವಿಗೆ ಆ ಮಾತು ಸಮಾಧಾನ ಕೊಡಬಹುದು, ಒಪ್ಪುತ್ತೇನೆ. ಆದರೆ ಅದು ಡಾಲ್ ಬರೆದದ್ದಲ್ಲ, ಅವರ ಹೆಸರಿನ ಕೆಳಗೆ ಅಚ್ಚಾಗಿದೆ. ಭಾಷೆಯನ್ನು ಆಗಾಗ ಪರಿಶೀಲಿಸುತ್ತೇವೆ ಎಂಬ ಸಣ್ಣ ಟಿಪ್ಪಣಿ ಹಕ್ಕುಸ್ವಾಮ್ಯದ ಪುಟದಲ್ಲಿದ್ದರೂ ಯಾವ ಸಾಲು ಯಾರದು ಎಂದು ತಿಳಿಯುವ ದಾರಿ ಓದುಗರಿಗಿಲ್ಲ.

ಲೇಖಕರೇ ತಿದ್ದಿದರೆ ಮಾತು ಬೇರೆ. ಡಾಲ್ ಅವರ ‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ ಕಾದಂಬರಿಯಲ್ಲಿ ಕಾರ್ಖಾನೆಯ ಕೆಲಸಗಾರರಾದ ಊಂಪಾ ಲೂಂಪಾ ಎಂಬ ಪುಟ್ಟ ಜನ 1964ರ ಮೊದಲ ಮುದ್ರಣದಲ್ಲಿ ಆಫ್ರಿಕಾದ ಕಾಡಿನಿಂದ ತಂದು, ಕೊಕೊ ಬೀಜವನ್ನೇ ಕೂಲಿಯಾಗಿ ಕೊಟ್ಟು ದುಡಿಸಿಕೊಳ್ಳುವ ಕಪ್ಪು ಜನರಾಗಿದ್ದರು. ಅದು ಗುಲಾಮಗಿರಿಯನ್ನು ನೆನಪಿಸುತ್ತದೆ ಎಂದು ಅಮೆರಿಕದ ಕಪ್ಪು ಜನರ ಸಂಘಟನೆ ಆಕ್ಷೇಪಿಸಿತು. ಡಾಲ್ ತಾವು ಬದುಕಿದ್ದಾಗಲೇ, 1973ರ ಆವೃತ್ತಿಯಲ್ಲಿ, ಊಂಪಾ ಲೂಂಪಾಗಳನ್ನು ಬೇರೆಯೇ ಜನರನ್ನಾಗಿ ಬದಲಿಸಿದರು. ಆ ತಿದ್ದುಪಡಿ ಬೇಕಿತ್ತು ಎಂದೇ ನನ್ನ ನಿಲುವು.

ಇಂಗ್ಲಿಷ್‌ನಲ್ಲಿ ಮೂಲಪಠ್ಯವೇ ಬೇಕಿದ್ದರೆ ಪಫಿನ್‌ನ ಮಾತೃಸಂಸ್ಥೆ ಪೆಂಗ್ವಿನ್ 2023ರಲ್ಲಿ ವಿವಾದದ ಬಳಿಕ ಘೋಷಿಸಿದ ‘ಕ್ಲಾಸಿಕ್ ಕಲೆಕ್ಷನ್’ನ 17 ಪುಸ್ತಕಗಳನ್ನು ಕೇಳಿ ಕೊಳ್ಳಿ.

ಪ್ರಶ್ನೆ: ನಮ್ಮ ತಾತ ಬರೆದ ನಾಟಕವನ್ನು ಮರುಮುದ್ರಿಸುತ್ತಿದ್ದೇವೆ. ಅದರಲ್ಲಿ ಜಾತಿ ಹಿಡಿದು ಬೈಯುವ ಮಾತುಗಳಿವೆ. ತೆಗೆದುಬಿಡಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೈಯುವವರು ಯಾರು ಎಂದು ಮೊದಲು ನೋಡಿ. ಆಳನ್ನು ಹೀನಾಯವಾಗಿ ಕಾಣುವ ಜಮೀನ್ದಾರನ ಬಾಯಲ್ಲಿ ಆ ಮಾತು ಬಂದರೆ ಅದನ್ನು ತೆಗೆಯಬೇಡಿ. ತೆಗೆದರೆ ಅವನು ಸಜ್ಜನನಾಗಿಬಿಡುತ್ತಾನೆ, ಆಳು ಪಟ್ಟ ಅವಮಾನ ದಾಖಲೆಯಿಲ್ಲದೆ ಅಳಿದುಹೋಗುತ್ತದೆ. ಪ್ರೇಕ್ಷಕರನ್ನು ನಗಿಸಲೆಂದೇ ನಾಟಕಕಾರರು ಅದನ್ನು ಬಳಸಿದ್ದರೆ, ಆ ಬೈಗುಳ ಯಾರಿಗೆ ತಗಲುತ್ತದೋ ಆ ಸಮುದಾಯದ ಒಬ್ಬಿಬ್ಬರಿಗೆ ಹಸ್ತಪ್ರತಿ ಕೊಟ್ಟು ಕೇಳಿ. ನೀವೇ ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ.

ಕೃತಿಸ್ವಾಮ್ಯ ಲೇಖಕರ ನಿಧನಾನಂತರ 60 ವರ್ಷ ಇರುತ್ತದೆ, ಆದ್ದರಿಂದ ತಾತನ ಎಲ್ಲ ವಾರಸುದಾರರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ. ಲೇಖಕರ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮಿನಡಿ ಆ ವಾರಸುದಾರರು ತಡೆಯೊಡ್ಡಬಹುದು. ಕೊನೆಗೆ ಏನಾದರೂ ತೆಗೆದರೆ ಯಾವ ಅಂಕ, ಯಾವ ದೃಶ್ಯ, ಯಾರ ಮಾತು, ಯಾಕೆ ತೆಗೆದಿರಿ ಎಂಬುದನ್ನು ಮುನ್ನುಡಿಯಲ್ಲೇ ಅಚ್ಚು ಮಾಡಿಸಿ, ಮೂಲ ಹಸ್ತಪ್ರತಿಯನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸಿ.