ಕವಿತೆಯ ನಡಿಗೆಯಲ್ಲಿ ನಡೆಯುವ ವಾದ್ಯವೃಂದ

ಪ್ರಶ್ನೆ: ಜೆಕ್ ಸಂಗೀತಕಾರ ಅಂಟೋನಿನ್ ದ್ವೋರ್ಜಾಕ್ ಅವರ ‘ನ್ಯೂ ವರ್ಲ್ಡ್’ ಸಿಂಫನಿ ನನಗೆ ಅಚ್ಚುಮೆಚ್ಚು. ಇತ್ತೀಚೆಗೆ ಅವರ ಸ್ವರಕಾವ್ಯ (ಕಥೆಯೊಂದನ್ನು ವಾದ್ಯಗಳಿಂದಲೇ ಹೇಳುವ ಕೃತಿ) ‘ಬಂಗಾರದ ರಾಟೆ’ಯನ್ನು ಕೇಳಿದೆ. ಒಂದೇ ಭಾಗ ಮತ್ತೆ ಮತ್ತೆ ಬಂದಂತಾಗಿ ಬೇಸರವಾಯಿತು. ಇಂಥ ಕೃತಿಗಳನ್ನು ಕಥೆ ತಿಳಿಯದೆ ಕೇಳಬಹುದೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಕಥೆಯನ್ನು ಮೊದಲು ಓದಿಕೊಳ್ಳಿ, ನಿಮ್ಮ ಬೇಸರಕ್ಕೆ ಕಾರಣವೂ ಅಲ್ಲಿಯೇ ಸಿಗುತ್ತದೆ. ರಾಜನು ಮೆಚ್ಚಿದ ಹುಡುಗಿಯನ್ನು ಮಲತಾಯಿಯೂ ಅವಳ ಮಗಳೂ ಕಾಡಿನಲ್ಲಿ ಕೊಂದು, ಕೈಕಾಲು ಕಣ್ಣುಗಳನ್ನು ತಮ್ಮೊಡನೆ ಅರಮನೆಗೆ ಒಯ್ಯುತ್ತಾರೆ. ಅವನ್ನು ಮರಳಿ ಪಡೆಯಲು ಕಾಡಿನ ಮುದುಕನೊಬ್ಬ ನೂಲುವ ಬಂಗಾರದ ರಾಟೆಯನ್ನೂ ಅದರ ಬಿಡಿಭಾಗಗಳನ್ನೂ ಕೊಟ್ಟು ಹುಡುಗನೊಬ್ಬನನ್ನು ಮೂರು ಬಾರಿ ಕಳುಹಿಸುತ್ತಾನೆ. ಹುಡುಗ ಮೂರು ಸಲ ಹೋಗಿ ಬರುವುದರಿಂದ ಸಂಗೀತವೂ ಮೂರು ಸಲ ಅದೇ ದಾರಿಯಲ್ಲಿ ನಡೆಯುತ್ತದೆ. ಇದು ದೀರ್ಘವಾಯಿತೆಂದು ದ್ವೋರ್ಜಾಕರ ಅಳಿಯ ಯೋಸೆಫ್ ಸುಕ್ ಮುಂದೆ ಅದನ್ನು ಮೊಟಕುಗೊಳಿಸಿದ್ದರು. ನನಗಂತೂ ಪೂರ್ಣ ರೂಪವೇ ಇಷ್ಟ, ಏಕೆಂದರೆ ಅಜ್ಜಿಕಥೆಯಲ್ಲಿ ಮೂರನೆಯ ಸಲವನ್ನು ಕೈಬಿಟ್ಟರೆ ಕಥೆ ಕುಂಟುತ್ತದೆ.

1895ರಲ್ಲಿ ಅಮೆರಿಕದಿಂದ ತಾಯ್ನಾಡು ಬೊಹೀಮಿಯಕ್ಕೆ ಮರಳಿದ ದ್ವೋರ್ಜಾಕರು ಮರುವರ್ಷ, ಅಂದರೆ 1896ರಲ್ಲಿ, ಇಂಥ ನಾಲ್ಕು ಕೃತಿಗಳನ್ನು ರಚಿಸಿದರು: ‘ನೀರುಭೂತ’, ‘ಮಧ್ಯಾಹ್ನದ ಮಾಟಗಾತಿ’, ‘ಬಂಗಾರದ ರಾಟೆ’ ಮತ್ತು ‘ಕಾಡುಪಾರಿವಾಳ’. ನಾಲ್ಕಕ್ಕೂ ಆಧಾರ, ಕಾರೆಲ್ ಯಾರೊಮಿರ್ ಎರ್ಬೆನ್ 1853ರಲ್ಲಿ ಪ್ರಕಟಿಸಿದ ಕಥನಕವನಗಳ ಸಂಕಲನ. ದ್ವೋರ್ಜಾಕರು ಕಥೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಹಲವೆಡೆ ಕವಿತೆಯ ಸಾಲಿನ ಅಕ್ಷರಗಳ ಲಯಕ್ಕೇ ರಾಗವನ್ನು ಹೊಂದಿಸಿದರು. ಹಾಡುವವರಿಲ್ಲ, ಆದರೂ ಜೆಕ್ ಬಲ್ಲವರು ಆ ಸಾಲನ್ನು ವಾದ್ಯದ ಮೇಲೆ ಹೇಳಿಕೊಳ್ಳಬಹುದು. ವೀಣೆಯಲ್ಲಿ ಕೀರ್ತನೆ ನುಡಿಸುವವರು ಸಾಹಿತ್ಯದ ಅಕ್ಷರಕ್ಕೆ ಸರಿಯಾಗಿ ಮೀಟು ಹಾಕುವುದನ್ನು ಗಮನಿಸಿದವರಿಗೆ ಈ ಕ್ರಮ ಅಪರಿಚಿತವೆನಿಸದು. ಶುದ್ಧ ಸಂಗೀತಕ್ಕೆ ಕಥೆಯ ಹಂಗು ಬೇಡವೆಂದು ನಂಬಿದ್ದ ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್ಸ್‌ಲಿಕ್, ತಾವು ಮೆಚ್ಚಿದ್ದ ದ್ವೋರ್ಜಾಕರು ಈ ದಾರಿ ಹಿಡಿದುದಕ್ಕೆ ವಿಷಾದಪಟ್ಟರು.

ನೀವು ‘ಮಧ್ಯಾಹ್ನದ ಮಾಟಗಾತಿ’ಯಿಂದ ಆರಂಭಿಸಿ; ಅದು ಹದಿನೈದು ನಿಮಿಷದೊಳಗೆ ಮುಗಿಯುತ್ತದೆ. ಅಡುಗೆಯ ಕೆಲಸದಲ್ಲಿರುವ ತಾಯಿ, ರಚ್ಚೆ ಹಿಡಿದ ಮಗು, ಅದರ ಆಟಿಕೆಯ ಹುಂಜ: ಓಬೋ ವಾದ್ಯ ಒಂದೇ ಸ್ವರವನ್ನು ಕುಟ್ಟುವಾಗ ಮಗುವಿನ ಹಟ ನಿಮ್ಮ ಕಿವಿಗೇ ತಾಗುತ್ತದೆ. ನಮ್ಮ ತಾಯಂದಿರು ಗುಮ್ಮನನ್ನು ಕರೆಯುವಂತೆ ಆಕೆಯೂ ಮಾಟಗಾತಿಯನ್ನು ಕರೆದೇನೆಂದು ಗದರಿಸುತ್ತಾಳೆ. ಅವಳು ನಿಜವಾಗಿ ಬಂದೇಬಿಡುತ್ತಾಳೆ. ಆಗ ತಂತಿವಾದ್ಯಗಳ ಧ್ವನಿ ಉಡುಗಿ, ಬಾಸ್ ಕ್ಲಾರಿನೆಟ್ಟಿನ ತಗ್ಗಿದ ಸ್ವರ ಮೆಲ್ಲನೆ ಒಳಗೆ ಕಾಲಿಡುತ್ತದೆ. ತಾಯಿ ಮಗುವನ್ನು ಎದೆಗೆ ಅವಚಿಕೊಳ್ಳುತ್ತಾಳೆ. ಗಂಟೆ ಹನ್ನೆರಡು ಬಾರಿ ಹೊಡೆಯುತ್ತದೆ. ಊಟಕ್ಕೆ ಮನೆಗೆ ಬಂದ ತಂದೆಗೆ ಕಾಣುವುದು ಮೂರ್ಛೆ ಹೋದ ಹೆಂಡತಿ ಮತ್ತು ಅವಳ ಅಪ್ಪುಗೆಯಲ್ಲೇ ಉಸಿರುಗಟ್ಟಿದ ಮಗು. ಆ ಗಂಟೆಯ ಸದ್ದನ್ನು ಎಣಿಸುತ್ತಾ ಕೇಳಿ.

ಅನಂತರ ‘ಕಾಡುಪಾರಿವಾಳ’ಕ್ಕೆ ಹೋಗಿ. ಬ್ರ್ನೋ ನಗರದಲ್ಲಿ 1898ರಲ್ಲಿ ಇದರ ಮೊದಲ ಪ್ರದರ್ಶನವನ್ನು ನಿರ್ದೇಶಿಸಿದವರು ಸಂಗೀತಕಾರ ಲಿಯೋಶ್ ಯಾನಾಚೆಕ್. ಗಂಡನಿಗೆ ವಿಷವಿಕ್ಕಿ, ಶವಯಾತ್ರೆಯಲ್ಲಿ ಹುಸಿಯಾಗಿ ಅತ್ತು, ಬೇಗನೆ ಮರುಮದುವೆಯಾದವಳ ಕಥೆ ಇದು. ಸಮಾಧಿಯ ಮೇಲೆ ಬೆಳೆದ ಮರದಲ್ಲಿ ಪಾರಿವಾಳ ಕೂಗುತ್ತದೆ. ಕೊಳಲು, ಓಬೋ, ಹಾರ್ಪ್‌ಗಳಲ್ಲಿ ಕೇಳುವ ಆ ಕೂಗನ್ನು ತಾಳಲಾರದೆ ಆಕೆ ನೀರಿಗೆ ಬೀಳುತ್ತಾಳೆ. ಎರ್ಬೆನ್ ಅವಳನ್ನು ಕ್ಷಮಿಸುವುದಿಲ್ಲ. ದ್ವೋರ್ಜಾಕರು ಮಾತ್ರ ಕೊನೆಯಲ್ಲಿ ಶವಯಾತ್ರೆಯ ರಾಗವನ್ನೇ ಮೆಲುವಾಗಿಸಿ, ಪ್ರಸನ್ನ ಭಾವದ ಮೇಜರ್ ಸ್ವರಶ್ರೇಣಿಯಲ್ಲಿ ಅವಳನ್ನು ಮಲಗಿಸುತ್ತಾರೆ.