ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ

ಪ್ರಶ್ನೆ: ನಮ್ದು ಆಡಿಟರ್ ಆಫೀಸು. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತೋಯ್ತಲ್ಲ ಅಂತ 14 ಕಂಪ್ಯೂಟರ್ ಬದಲಾಯಿಸಿದ್ವಿ. ಹಳೇವು, ಜೊತೆಗೊಂದು ದೊಡ್ಡ ಜೆರಾಕ್ಸ್ ಮಷೀನು, ಯುಪಿಎಸ್ ಬ್ಯಾಟರಿಗಳು ಎಲ್ಲ ಹಿಂದಿನ ರೂಮಲ್ಲಿ ಬಿದ್ದಿವೆ. ಗುಜರಿಯವ್ರೊಬ್ರು ಒಟ್ಟಿಗೆ ಒಳ್ಳೆ ರೇಟಿಗೆ ಕೇಳ್ತಿದಾರೆ. ಹುಡುಗ್ರು ಎಲ್ಲಾದನ್ನೂ ಫಾರ್ಮ್ಯಾಟ್ ಮಾಡಿದಾರೆ. ಕೊಟ್ಬಿಡ್ಲಾ? (ಹೆಸರು ಬೇಡ, ದಾವಣಗೆರೆ)

ಉತ್ತರ: ಈ ವಾರ ಕೊಡ್ಬೇಡಿ. ಹುಡುಗ್ರು ಸಾಮಾನ್ಯವಾಗಿ ಮಾಡೋದು ಕ್ವಿಕ್ ಫಾರ್ಮ್ಯಾಟು, ಅದು ಪುಸ್ತಕದ ಪರಿವಿಡಿ ಹಾಳೆ ಮಾತ್ರ ಹರಿದ ಹಾಗೆ, ಒಳಗಿನ ಪುಟ ಎಲ್ಲ ಹಾಗೇ ಇರ್ತವೆ, ಫ್ರೀಯಾಗಿ ಸಿಗೋ ರಿಕವರಿ ಸಾಫ್ಟ್‌ವೇರ್ ಹಾಕಿದ್ರೂ ಎಷ್ಟೋ ಫೈಲು ವಾಪಸ್ ಬರ್ತವೆ. ನಿಮ್ಮ ಡಿಸ್ಕಲ್ಲಿರೋದು ನಿಮ್ದಲ್ಲ, ನಿಮ್ಮನ್ನ ನಂಬಿ ಕೊಟ್ಟವ್ರ ಪ್ಯಾನು, ಆಧಾರು, ಬ್ಯಾಂಕ್ ಸ್ಟೇಟ್‌ಮೆಂಟು. ನನಗೆ ಭಯ ಇರೋದು ಅದರದ್ದೇ.

ದೊಡ್ಡವರೇ ಇದರಲ್ಲಿ ಬಿದ್ದಿದಾರೆ. ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ, ಅಷ್ಟು ದೊಡ್ಡ ಬ್ಯಾಂಕು, ಡೇಟಾ ಅಳಿಸಿ ಅನುಭವವೇ ಇಲ್ದಿರೋ ಸಾಮಾನು ಸಾಗಿಸೋ ಕಂಪನಿಗೆ ಹಳೇ ಡಿಸ್ಕು ವಹಿಸ್ತು, ಅಲ್ಲಿಂದ ಕೈ ದಾಟಿ ದಾಟಿ ಕೆಲವು ಆನ್‌ಲೈನ್ ಹರಾಜಿಗೆ ಬಂದ್ವು, ಒಳಗೆ ಗ್ರಾಹಕರ ಮಾಹಿತಿ ಹಾಗೇ ಇತ್ತು. 2020ರಲ್ಲಿ 6 ಕೋಟಿ ಡಾಲರ್ ದಂಡ, ಮತ್ತೆ 2022ರಲ್ಲಿ 3.5 ಕೋಟಿ ಡಾಲರ್. ಸುಮಾರು 1.5 ಕೋಟಿ ಗ್ರಾಹಕರ ವಿಷಯ ಅದು. ನಮ್ಮಲ್ಲೂ 2023ರ ಡೇಟಾ ಸಂರಕ್ಷಣಾ ಕಾಯ್ದೆಲಿ, ಮಾಹಿತಿ ಸರಿಯಾಗಿ ಕಾಪಾಡ್ದೇ ಹೋದ್ರೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಬರೆದಿದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಹುಡುಗ್ರು ಫಾರ್ಮ್ಯಾಟ್ ಮಾಡೋ ಮುಂಚೆ ಬ್ಯಾಕಪ್ ತಗೊಂಡಿದ್ರಾ ಅಂತ ಮೊದ್ಲು ಕೇಳಿ, ಜಿಎಸ್‌ಟಿ ಲೆಕ್ಕನ ವಾರ್ಷಿಕ ರಿಟರ್ನ್ ಕೊಡೋ ಕೊನೇ ದಿನದಿಂದ 72 ತಿಂಗಳು ಇಟ್ಕೋಬೇಕು ಅಂತ ಆಡಿಟರಿಗೆ ನಾನು ಹೇಳ್ಬೇಕಾಗಿಲ್ಲ. ತಗೊಂಡಿಲ್ಲ ಅಂದ್ರೆ ಆ ಕಂಪ್ಯೂಟರ್ ಮುಟ್ಟದೇ ಈಗ್ಲೇ ರಿಕವರಿ ಮಾಡಿಸಿ. ಬ್ಯಾಕಪ್ ಇನ್ನೊಂದು ಕಂಪ್ಯೂಟರಲ್ಲಿ ತೆರೀತಾ ನೋಡಿದ್ಮೇಲೇ ಅಳಿಸೋ ಮಾತು. ತಿರುಗೋ ಹಳೇ ಹಾರ್ಡ್ ಡಿಸ್ಕ್ ಆದ್ರೆ ಹಳೇ ಮಾಹಿತಿ ಮೇಲೆ ಪೂರ್ತಿ ಒಂದ್ಸಲ ಬೇರೆ ಏನಾದ್ರೂ ಬರೆದು ಅಳಿಸಿದ್ರೆ ಸಾಕು, ವಿಂಡೋಸಿನ ರೀಸೆಟ್‌ನಲ್ಲಿ ಎಲ್ಲಾ ತೆಗಿ ಅಂತ ಕೊಟ್ಟು ಸೆಟ್ಟಿಂಗ್ಸ್ ಒಳಗೆ ಕ್ಲೀನ್ ಡೇಟಾ ಆನ್ ಮಾಡಿದ್ರೂ ನಡಿಯುತ್ತೆ, ಗಂಟೆಗಟ್ಲೆ ಹಿಡಿಯುತ್ತೆ ಅಷ್ಟೇ. ಎಸ್‌ಎಸ್‌ಡಿ, ಅಂದ್ರೆ ತಿರುಗೋ ತಟ್ಟೆ ಇಲ್ದೇ ಚಿಪ್ಪಲ್ಲೇ ಬರೆಯೋ ಡಿಸ್ಕು, ಅದರ ಕಥೆ ಬೇರೆ, ಅದು ಸವೆತ ಕಮ್ಮಿ ಮಾಡೋಕೆ ಬರಹನ ಅಲ್ಲಿ ಇಲ್ಲಿ ಹಂಚ್ತಾ ಇರುತ್ತೆ, ಮೇಲೆ ಬರೆದ್ರೂ ಮೂಲೇಲಿ ಹಳೇದು ಉಳಿಬಹುದು, ಅದಕ್ಕೆ ಆ ಡ್ರೈವ್ ಕಂಪನಿಯವ್ರೇ ಕೊಡೋ ಸೆಕ್ಯೂರ್ ಎರೇಸ್ ಅನ್ನೋ ಅಳಿಸೋ ಸಾಫ್ಟ್‌ವೇರ್ ಬಳಸಿ. ಆನೇ ಆಗ್ದಿರೋ ಡಿಸ್ಕ್ ಇದ್ರೆ ಬಿಚ್ಚಿ ತೆಗೆದು ಒಳಗಿನ ತಟ್ಟೆಗೆ ಡ್ರಿಲ್ ಹಾಕ್ಸಿ, ಎಸ್‌ಎಸ್‌ಡಿ ಆದ್ರೆ ಒಂದೊಂದು ಚಿಪ್ಪೂ ಒಡೀಬೇಕು.

ಹೊಸ ಕಂಪ್ಯೂಟರಲ್ಲಿ ಇವತ್ತೇ ಬಿಟ್‌ಲಾಕರ್ (ಕೀ ಇಲ್ದೇ ಡಿಸ್ಕ್ ಓದೋಕಾಗದ ಹಾಗೆ ಮಾಡೋ ವಿಂಡೋಸ್ ಸೌಲಭ್ಯ) ಆನ್ ಮಾಡಿ ಕೀ ಬೇರೆ ಕಡೆ ಇಡಿ, ಮುಂದೆ ತೆಗ್ಯೋವಾಗ ಅರ್ಧ ಕೆಲಸ ಉಳಿಯುತ್ತೆ. ಮಾರ್ಗನ್ ಸ್ಟ್ಯಾನ್ಲಿಯಲ್ಲಿ 42 ಸರ್ವರ್ ಲೆಕ್ಕಕ್ಕೇ ಸಿಗ್ಲಿಲ್ಲ, ಅವುಗಳಲ್ಲಿ ಇಂಥದ್ದೇ ಸೌಲಭ್ಯ ಇತ್ತು, ವರ್ಷಗಟ್ಲೆ ಯಾರೂ ಆನ್ ಮಾಡಿರ್ಲಿಲ್ಲ.

ಜೆರಾಕ್ಸ್ ಮಷೀನ್ ಮರೀಬೇಡಿ ದಯವಿಟ್ಟು. ದೊಡ್ಡ ಮಷೀನುಗಳಲ್ಲಿ ಬಹಳಷ್ಟಕ್ಕೆ ಹಾರ್ಡ್ ಡಿಸ್ಕ್ ಇರುತ್ತೆ, ಕಾಪಿ ಮಾಡಿದ್ದು ಅಲ್ಲೇ ಕೂತಿರುತ್ತೆ. ಬಾಡಿಗೆ ಮಷೀನ್ ವಾಪಸ್ ಕೊಡೋವಾಗ ಡಿಸ್ಕ್ ಅಳಿಸ್ದೇ ಅಮೆರಿಕದ ಒಂದು ಆರೋಗ್ಯ ವಿಮೆ ಸಂಸ್ಥೆ 2013ರಲ್ಲಿ 12 ಲಕ್ಷ ಡಾಲರ್‌ಗಿಂತ ಜಾಸ್ತಿ ಕಟ್ತು.

ಇನ್ನು ಯಾರಿಗೆ ಕೊಡೋದು. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಲಿದೆ, ವರ್ಷದಲ್ಲಿ ಕನಿಷ್ಠ 1000 ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಸಾಮಾನು ಬಳಸೋ ಸಂಸ್ಥೆ ನೋಂದಾಯಿತ ರೀಸೈಕ್ಲರ್‌ಗಳಂಥವ್ರಿಗೇ ಕೊಡ್ಬೇಕು. ನೀವು ಆ ಲೆಕ್ಕಕ್ಕೆ ಬರಲ್ಲ, ಆದ್ರೂ ಅವ್ರಿಗೇ ಕೊಡಿ ಅಂತೀನಿ. ಗುಜರಿಯವ್ರು ಕೆಟ್ಟವ್ರು ಅಂತಲ್ಲ, ಆದ್ರೆ ಅಲ್ಲಿಂದ ಮುಂದೆ ಎಲ್ಲೋ ಯಾರೋ ತಾಮ್ರಕ್ಕೆ ವೈರ್ ಸುಡ್ತಾರೆ, ಚಿನ್ನಕ್ಕೆ ಬೋರ್ಡನ್ನ ಆಸಿಡಲ್ಲಿ ಅದ್ದುತಾರೆ, ಆ ಹೊಗೆ ಕುಡಿಯೋದು ಅವ್ರ ಮಕ್ಕಳು. ರೀಸೈಕ್ಲರ್ ನಾವು ಅಥರೈಸ್ಡ್ ಅಂದ್ರೆ ಸರ್ಟಿಫಿಕೇಟ್ ಅವ್ರದ್ದೇ ಹೆಸರಲ್ಲಿದ್ಯಾ, ಅವಧಿ ಮುಗಿದಿದ್ಯಾ ನೋಡಿ, ಕೇಂದ್ರ ಮಾಲಿನ್ಯ ಮಂಡಳಿ ಪೋರ್ಟಲಲ್ಲಿ ತಾಳೆ ಮಾಡಿ. ಕೊಡೋ ಮುಂಚೆ ಒಂದೊಂದರ ಸೀರಿಯಲ್ ನಂಬರ್ ಬರ್ಕೊಳ್ಳಿ, ಅವ್ರು ಕೊಡೋ ಪತ್ರದಲ್ಲೂ ಅದೇ ನಂಬರ್ ಇರ್ಬೇಕು, "14 ಕಂಪ್ಯೂಟರ್ ಸ್ವೀಕರಿಸಿದೆ" ಅಂತ ಮಾತ್ರ ಬರೆದ ಚೀಟಿ ನಾಳೆ ಏನೂ ತೋರಿಸಲ್ಲ. ಯುಪಿಎಸ್ ಬ್ಯಾಟರಿಗೆ ಬೇರೆ ನಿಯಮ ಇದೆ, ಹೊಸದು ಕೊಟ್ಟ ಅಂಗಡಿಗೇ ವಾಪಸ್ ಕೊಡಿ.

ಪ್ರಶ್ನೆ: ಅಂಗಡಿ ಮುಚ್ತಿದೀನಿ. ಸಿಸಿಟಿವಿ ಬಾಕ್ಸು, ಕಾರ್ಡ್ ಉಜ್ಜೋ ಮಷೀನು, ಬೆರಳೊತ್ತೋ ಹಾಜರಿ ಮಷೀನು ಮಾರ್ಬಹುದಾ? (ಶಿರಸಿ)

ಉತ್ತರ: ಕಾರ್ಡ್ ಮಷೀನ್ ಹೆಚ್ಚಾಗಿ ಬ್ಯಾಂಕಿನ ಸ್ವತ್ತು, ಬ್ಯಾಂಕಿಗೇ ಕೊಟ್ಟು ರಸೀದಿ ತಗೊಳ್ಳಿ. ಸಿಸಿಟಿವಿ ಬಾಕ್ಸಿನ ಡಿಸ್ಕ್ ತೆಗೆದಿಟ್ಕೊಂಡು ಮಾರಿ. ಹಾಜರಿ ಮಷೀನಲ್ಲಿ ಕೆಲಸದವ್ರ ಬೆರಳಚ್ಚಿನ ದಾಖಲೆ ಇದೆ, ಪಾಸ್‌ವರ್ಡ್ ಆದ್ರೆ ಬದಲಾಯಿಸ್ಬಹುದು ಬೆರಳು ಬದಲಾಯಿಸೋಕಾಗಲ್ಲ, ಅಡ್ಮಿನ್ ಮೆನುವಲ್ಲಿ ಎಲ್ಲಾ ಡಿಲೀಟ್ ಮಾಡಿ ಹಳಬ್ರೊಬ್ರ ಕೈಲಿ ಬೆರಳೊತ್ತಿಸಿ ಗುರುತು ಹಿಡಿಯುತ್ತಾ ಪರೀಕ್ಷೆ ಮಾಡಿ.

ಪ್ರಶ್ನೆ: ಹಳೇ ಲ್ಯಾಪ್‌ಟಾಪ್ ಸರ್ಕಾರಿ ಶಾಲೆಗೆ ಕೊಡ್ಬಹುದಾ? (ಮೈಸೂರು)

ಉತ್ತರ: ಖಂಡಿತ, ಆನ್ ಆಗೋದನ್ನ ಮಾತ್ರ. ಹಳೇ ಡಿಸ್ಕ್ ನೀವೇ ಇಟ್ಕೊಂಡು ಹೊಸ ಚಿಕ್ಕ ಎಸ್‌ಎಸ್‌ಡಿ ಹಾಕಿ ಕೊಡಿ, ಆಮೇಲೆ ಬ್ಯಾಟರಿ ಊದಿದ್ಯಾ ನೋಡಿ, ಊದಿದ್ರೆ ಒತ್ತಬೇಡಿ ಚುಚ್ಚಬೇಡಿ, ಬೆಂಕಿ ಹತ್ಕೊಳ್ಳುತ್ತೆ, ಸರ್ವಿಸ್ ಸೆಂಟರಲ್ಲಿ ತೆಗೆಸಿ ಹೊಸದು ಹಾಕ್ಸಿ. ಚಾರ್ಜರೂ ಜೊತೇಲೇ ಕೊಡಿ, ಅದಿಲ್ದೇ ಎಷ್ಟೋ ಲ್ಯಾಪ್‌ಟಾಪು ಶಾಲೆ ಬೀರುವಲ್ಲೇ ಕೂತಿರ್ತವೆ.