ಬಾಸ್ಟನ್ನಿನ ಡೆಂಟಲ್ ಸೀಟಿಗೆ ಮೈಸೂರಿನ ಸೈಟು ಮಾರಬೇಕೆ?

ಪ್ರಶ್ನೆ: ನಾವು ಟೆಕ್ಸಾಸಿನ ಪ್ಲೇನೊದಲ್ಲಿ ಇದ್ದೇವೆ, ಮನೆಯವರೆಲ್ಲ ಅಮೆರಿಕದ ಪ್ರಜೆಗಳು. ಮಗಳಿಗೆ ಎರಡು ಡೆಂಟಲ್ ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಸ್ಯಾನ್ ಆಂಟೋನಿಯೋದ ಸರ್ಕಾರಿ ಕಾಲೇಜಿನಲ್ಲಿ ಫೀಸು, ಬಾಡಿಗೆ, ಊಟ, ಉಪಕರಣ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಸುಮಾರು 2.5 ಲಕ್ಷ ಡಾಲರ್ ಆಗುತ್ತದೆ. ಬಾಸ್ಟನ್ನಿನ ಖಾಸಗಿ ಕಾಲೇಜಿನಲ್ಲಿ 5.6 ಲಕ್ಷ. ಅವಳ ಮನಸ್ಸೆಲ್ಲ ಬಾಸ್ಟನ್ ಮೇಲೆ. ಮುಂದೆ ಆರ್ಥೊಡಾಂಟಿಕ್ಸ್ (ವಕ್ರ ಹಲ್ಲು ಸರಿಪಡಿಸುವ ವಿಭಾಗ) ಮಾಡಬೇಕಂತೆ, ಅದಕ್ಕೆ ದೊಡ್ಡ ಹೆಸರಿನ ಕಾಲೇಜೇ ಬೇಕಂತೆ. ನಮ್ಮ ಯಜಮಾನರು, "ಒಂದು ವರ್ಷ ಅಲ್ಲಿದ್ದರೆ ಅಲ್ಲಿಯ ನಿವಾಸಿ ಆಗ್ತಾಳೆ, ಫೀಸು ಇಳಿಯುತ್ತೆ. ಆಗಲೂ ಸಾಲದಿದ್ದರೆ ಮೈಸೂರಿನ ಸೈಟು ಮಾರೋಣ" ಅನ್ನುತ್ತಾರೆ. ಮಗ ಇನ್ನೂ ಹೈಸ್ಕೂಲಿನಲ್ಲಿದ್ದಾನೆ. ನನಗೆ ನಿದ್ದೆ ಬರುತ್ತಿಲ್ಲ.
— ಒಬ್ಬ ತಾಯಿ, ಪ್ಲೇನೊ

ಉತ್ತರ: ಸ್ಯಾನ್ ಆಂಟೋನಿಯೋಗೆ ಕಳಿಸಿ. ಮಗಳನ್ನು ಒಪ್ಪಿಸಲು ನಿಮಗೆ ಕಾರಣಗಳು ಬೇಕಾಗುತ್ತವೆ, ಅದಕ್ಕಾಗಿ ಬಿಡಿಸಿ ಬರೆಯುತ್ತೇನೆ.

ಮೊದಲು ಯಜಮಾನರ ಲೆಕ್ಕ. ನಿವಾಸಿಗೊಂದು ಫೀಸು, ಹೊರಗಿನವರಿಗೊಂದು ಫೀಸು ಎನ್ನುವುದು ಸರ್ಕಾರಿ ಕಾಲೇಜುಗಳ ಪದ್ಧತಿ. ಖಾಸಗಿ ಕಾಲೇಜಿನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಫೀಸು. ಅಲ್ಲಿ ಮನೆ ಮಾಡಿ, ಡ್ರೈವಿಂಗ್ ಲೈಸೆನ್ಸ್ ಬದಲಾಯಿಸಿಕೊಂಡರೂ ಅದು ಇಳಿಯುವುದಿಲ್ಲ. ಬೇರೆ ರಾಜ್ಯದ ಸರ್ಕಾರಿ ಕಾಲೇಜಾಗಿದ್ದರೆ ಮಾತು ಬೇರೆ. ಕೆಲವು ಕಡೆ ಎರಡನೇ ವರ್ಷದಿಂದ ನಿವಾಸಿ ದರ ಸಿಗುತ್ತದೆ, ಕೆಲವು ಕಡೆ "ಓದಲು ಬಂದವರು ನಿವಾಸಿಗಳಲ್ಲ" ಎಂದು ಖಡಾಖಂಡಿತವಾಗಿ ಹೇಳುತ್ತಾರೆ. ಅಂಥಲ್ಲಿ ಸೀನಿಯರ್ ವಿದ್ಯಾರ್ಥಿಗಳ ಮಾತು ನಂಬಿ ಠೇವಣಿ ಕಟ್ಟಬಾರದು, ಕಾಲೇಜಿನ ಕಚೇರಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಬೇಕು. ಅಂದಹಾಗೆ, ನಿಮ್ಮ ಮಗಳ ಕೈಯಲ್ಲಿರುವುದು ಹೊರಗಿನವರು ಆಸೆಪಡುವ ಸೀಟು. ಟೆಕ್ಸಾಸಿನ ಸರ್ಕಾರಿ ಡೆಂಟಲ್ ಕಾಲೇಜುಗಳು ಶೇ 90ರಷ್ಟು ಸೀಟುಗಳನ್ನು ರಾಜ್ಯದವರಿಗೇ ಮೀಸಲಿಡುತ್ತವೆ.

ಇನ್ನು ಸಾಲದ ವಿಷಯ. ಕೆಲವು ವರ್ಷಗಳ ಹಿಂದೆ ಡೆಂಟಲ್ ಓದಿದ ಪರಿಚಯದವರ ಮಕ್ಕಳನ್ನು ಕೇಳಿದರೆ, "ಎಷ್ಟು ಬೇಕಾದರೂ ಫೆಡರಲ್ ಸಾಲ ಸಿಗುತ್ತೆ ಆಂಟಿ" ಅನ್ನುತ್ತಾರೆ. ಅವರ ಕಾಲಕ್ಕೆ ಅದು ನಿಜ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಗ್ರಾಡ್ ಪ್ಲಸ್ ಎಂಬ ಸಾಲ ಕಾಲೇಜು ಹೇಳಿದ ಪೂರ್ತಿ ಖರ್ಚನ್ನು ತುಂಬಿಕೊಡುತ್ತಿತ್ತು. 2025ರ ಜುಲೈನಲ್ಲಿ ಬಂದ ಕಾನೂನು, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಆ ಬಾಗಿಲು ಮುಚ್ಚಿತು. ಈಗ ಡೆಂಟಲ್ ವಿದ್ಯಾರ್ಥಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ, ಅಷ್ಟೆ. ತಂದೆ ತಾಯಿ ತೆಗೆಯುವ ಪೇರೆಂಟ್ ಪ್ಲಸ್ ಸಾಲವೂ ಈ ಹಂತದ ಓದಿಗೆ ಸಿಗುವುದಿಲ್ಲ.

ಸ್ಯಾನ್ ಆಂಟೋನಿಯೋ ಆದರೆ ಫೆಡರಲ್ ಸಾಲ ಹೋಗಿ ನೀವು ಹೊಂದಿಸಬೇಕಾದದ್ದು ನಾಲ್ಕು ವರ್ಷಕ್ಕೆ 50 ಸಾವಿರ. ಬಾಸ್ಟನ್ ಆದರೆ 3.6 ಲಕ್ಷ. ಈ 3.6 ಲಕ್ಷವನ್ನು ಖಾಸಗಿ ಬ್ಯಾಂಕೇ ಕೊಡಬೇಕು, ಸಂಬಳವಿಲ್ಲದ ವಿದ್ಯಾರ್ಥಿನಿಗೆ ಬ್ಯಾಂಕು ಸಾಮಾನ್ಯವಾಗಿ ಜಾಮೀನುದಾರರ ಸಹಿ ಕೇಳುತ್ತದೆ. ಸಹಿ ಯಾರದ್ದು? ನಿಮ್ಮದು, ನಿಮ್ಮ ಯಜಮಾನರದ್ದು. ಮಗಳು ಕಂತು ತಪ್ಪಿಸಿದರೆ ಬ್ಯಾಂಕು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ, ಅದೂ ಮಗನನ್ನು ಕಾಲೇಜಿಗೆ ಸೇರಿಸುವ ಹೊತ್ತಿಗೇ. ನನ್ನ ಮಟ್ಟಿಗೆ ನಿರ್ಧಾರ ಇಲ್ಲಿಗೇ ಮುಗಿಯಿತು.

ಎರಡು ಕಾಲೇಜುಗಳ ಖರ್ಚಿನ ವ್ಯತ್ಯಾಸ 3.1 ಲಕ್ಷ ಡಾಲರ್. ಶೇ 8ರ ಬಡ್ಡಿಯಲ್ಲಿ ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 3,760 ಡಾಲರ್ ಬೇಕು. ಇಪ್ಪತ್ತು ವರ್ಷಕ್ಕೆ ಎಳೆದರೆ ಕಂತು 2,600ಕ್ಕೆ ಇಳಿಯುತ್ತದೆ, ಆದರೆ ಕಟ್ಟುವ ಒಟ್ಟು ಮೊತ್ತ 6 ಲಕ್ಷ ದಾಟುತ್ತದೆ. ಓದುವಾಗಲೇ ಬೆಳೆಯುವ ಬಡ್ಡಿಯನ್ನು ನಾನು ಇದರಲ್ಲಿ ಸೇರಿಸಿಲ್ಲ. ಫೆಡರಲ್ ಸಾಲವಾದರೆ ಆದಾಯಕ್ಕೆ ತಕ್ಕ ಕಂತು ಇದೆ. ಲಾಭರಹಿತ ಆಸ್ಪತ್ರೆಯಲ್ಲೋ ಸಮುದಾಯ ಆರೋಗ್ಯ ಕೇಂದ್ರದಲ್ಲೋ ದುಡಿಯುತ್ತ 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ ಆಗುವ ಯೋಜನೆಯೂ ಇದೆ. ಖಾಸಗಿ ಸಾಲಕ್ಕೆ ಇವೆರಡೂ ಅನ್ವಯಿಸುವುದಿಲ್ಲ.

ಮಗಳ ವಾದಕ್ಕೆ ಬರೋಣ. ದೊಡ್ಡ ಹೆಸರು ಎಂದರೆ ಯಾರು ಕೊಟ್ಟ ಹೆಸರು? ಅಮೆರಿಕದಲ್ಲಿ ಬೇರೆ ಎಷ್ಟೋ ಕೋರ್ಸುಗಳಿಗೆ ರ್‍ಯಾಂಕ್ ಪಟ್ಟಿ ಮಾಡುವ ಯುಎಸ್ ನ್ಯೂಸ್ ಡೆಂಟಲ್ ಕಾಲೇಜುಗಳಿಗೆ ರ್‍ಯಾಂಕ್ ಕೊಡುವುದೇ ಇಲ್ಲ. ಎರಡೂ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಒಂದೇ, ಕೋಡಾ. ಡಿಡಿಎಸ್ ಮತ್ತು ಡಿಎಂಡಿ ಒಂದೇ ಡೆಂಟಲ್ ಪದವಿಯ ಎರಡು ಹೆಸರು. ರಾಷ್ಟ್ರೀಯ ಪರೀಕ್ಷೆ ಐಎನ್‌ಬಿಡಿಇಯಲ್ಲಿ ಈಗ ಪಾಸು, ಫೇಲು ಮಾತ್ರ. ಹೀಗಾಗಿ ಆರ್ಥೊ ಸೀಟಿಗೆ ಅರ್ಜಿ ಹಾಕುವಾಗ ತರಗತಿಯಲ್ಲಿನ ಸ್ಥಾನ, ಪ್ರೊಫೆಸರ್‌ಗಳ ಶಿಫಾರಸು ಪತ್ರ, ಒಂದಿಷ್ಟು ಸಂಶೋಧನೆ ಇವುಗಳ ತೂಕ ಹೆಚ್ಚಿದೆ. ಸ್ಯಾನ್ ಆಂಟೋನಿಯೋದಲ್ಲೇ ಆರ್ಥೊಡಾಂಟಿಕ್ಸ್ ರೆಸಿಡೆನ್ಸಿ (ಪದವಿಯ ನಂತರದ ತಜ್ಞ ತರಬೇತಿ) ಇದೆ. ಮೊದಲ ವರ್ಷದಿಂದಲೇ ಆ ವಿಭಾಗದವರ ಕಣ್ಣಿಗೆ ಬೀಳಲು ಹೇಳಿ. ಇನ್ನೊಂದು ಮಾತು: ಆರ್ಥೊ ರೆಸಿಡೆನ್ಸಿ ಎಂದರೆ ಮತ್ತೆ ಎರಡು ಮೂರು ವರ್ಷ, ಹಲವು ಕಡೆ ಅದಕ್ಕೂ ಫೀಸು ಕಟ್ಟಬೇಕು. ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರಾಗಬೇಕು ಎನ್ನುವ ಹುಡುಗಿ ಮೊದಲ ನಾಲ್ಕು ವರ್ಷದಲ್ಲಿ ಸಾಲ ಕಡಿಮೆ ಇಟ್ಟುಕೊಂಡಷ್ಟೂ ಆ ಕನಸು ಹತ್ತಿರವಾಗುತ್ತದೆ.

ಕಾಲೇಜುಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಕ್ಲಿನಿಕ್ಕಿನಲ್ಲಿ. ಮೂರನೇ, ನಾಲ್ಕನೇ ವರ್ಷದ ವಿದ್ಯಾರ್ಥಿಗಳನ್ನು ಮಗಳೇ ಫೋನ್ ಮಾಡಿ ಕೇಳಲಿ. ರೋಗಿಗಳನ್ನು ಕಾಲೇಜು ಕೊಡುತ್ತದೆಯೋ, ನೀವೇ ಹುಡುಕಿ ತರಬೇಕೋ? ಇದುವರೆಗೆ ಎಷ್ಟು ರೂಟ್ ಕೆನಾಲ್, ಎಷ್ಟು ಕ್ಯಾಪ್, ಎಷ್ಟು ಹಲ್ಲುಸೆಟ್ಟು ನಿಮ್ಮ ಕೈಯಿಂದ ಆಗಿದೆ? ಒಂದು ಹಂತ ಮುಗಿಸಿ ಪ್ರೊಫೆಸರ್ ಬಂದು ನೋಡುವವರೆಗೆ ಎಷ್ಟು ಹೊತ್ತು ಕಾಯುತ್ತೀರಿ? ಕ್ಲಿನಿಕ್ ಕೆಲಸದ ಕೋಟಾ ಮುಗಿಯದೆ ಪದವಿ ತಡವಾದವರಿದ್ದಾರೆಯೇ? ರೆಸಿಡೆಂಟ್‌ಗಳು ಜಾಸ್ತಿ ಇರುವ ಕಾಲೇಜಿನಲ್ಲಿ ಕಷ್ಟದ ಕೇಸುಗಳೆಲ್ಲ ಅವರ ಪಾಲಾಗಿ ಕಿರಿಯರು ಬರೀ ನೋಡುತ್ತ ನಿಲ್ಲುವುದೂ ಉಂಟು. ಈ ಪ್ರಶ್ನೆಗಳಿಗೆ ಸ್ಯಾನ್ ಆಂಟೋನಿಯೋದವರ ಉತ್ತರ ತೀರಾ ಕೆಟ್ಟದಾಗಿದ್ದರೆ ನನಗೆ ಮತ್ತೆ ಬರೆಯಿರಿ, ನನ್ನ ಸಲಹೆಯನ್ನು ಪರಿಶೀಲಿಸೋಣ.

ಬಾಸ್ಟನ್ ಸರಿ ಎನ್ನುವ ಸಂದರ್ಭಗಳೂ ಇವೆ. ಕಾಲೇಜು ದೊಡ್ಡ ಸ್ಕಾಲರ್‌ಶಿಪ್ ಕೊಟ್ಟರೆ, ಅಥವಾ ಮಗಳು ಸೇನೆಯ ಎಚ್‌ಪಿಎಸ್‌ಪಿ ಯೋಜನೆಗೆ ಒಪ್ಪಿದರೆ (ಫೀಸು ಅವರು ಕಟ್ಟುತ್ತಾರೆ, ಓದು ಮುಗಿದ ಮೇಲೆ ಸೇನೆಯಲ್ಲಿ ವರ್ಷಗಳ ಸೇವೆ ಕೊಡಬೇಕು), ನನ್ನ ಲೆಕ್ಕವೇ ಬದಲಾಗುತ್ತದೆ. ಬರೀ ಮನೆಯಿಂದ ದೂರ ಇರುವ ಆಸೆಯಾದರೆ, ಅದೇನೂ ತಪ್ಪು ಆಸೆಯಲ್ಲ, ಪ್ಲೇನೊದಿಂದ ಸ್ಯಾನ್ ಆಂಟೋನಿಯೋಗೆ ಕಾರಿನಲ್ಲಿ ಐದು ಗಂಟೆ. ಅಮ್ಮ ಹೇಳದೆ ಕೇಳದೆ ಬಂದು ಬಾಗಿಲು ತಟ್ಟುವಷ್ಟು ಹತ್ತಿರವಲ್ಲ.

ಸೈಟಿನ ವಿಷಯ ಚುಟುಕಾಗಿ. ಮಾರುವವರು ಅನಿವಾಸಿಗಳಾದರೆ ಕೊಳ್ಳುವವರು ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದೇ ಹಣ ಕೊಡಬೇಕು. ಹೆಚ್ಚು ಹಿಡಿಯದಂತೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ಪಡೆಯಬಹುದು. ಬಂದ ಲಾಭವನ್ನು ಅಮೆರಿಕದ ತೆರಿಗೆ ಲೆಕ್ಕದಲ್ಲೂ ತೋರಿಸಬೇಕು. ಮಾರಲೇಬೇಕೆಂದಿದ್ದರೆ ಕೊರತೆಯ 50 ಸಾವಿರಕ್ಕೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಮಗನ ಓದಿಗೂ ನಿಮ್ಮ ನಿವೃತ್ತಿಗೂ ಇಡಿ.

ಪ್ರಶ್ನೆ: ಊರಿನಲ್ಲಿ ಅತ್ತೆಯವರು, "ದಾವಣಗೆರೆಯಲ್ಲೋ ಮಣಿಪಾಲದಲ್ಲೋ ಬಿಡಿಎಸ್ ಮಾಡಿಸಿ ಕರೆಸಿಕೊಳ್ಳಿ, ಅಗ್ಗವಾಗುತ್ತೆ" ಅನ್ನುತ್ತಾರೆ. ಆಗುತ್ತದೆಯೇ?
— ಅದೇ ತಾಯಿ

ಉತ್ತರ: ಕರ್ನಾಟಕದಲ್ಲೇ ಪ್ರಾಕ್ಟೀಸ್ ಮಾಡುವವರಿಗೆ ಒಳ್ಳೆಯ ದಾರಿ. ಅಮೆರಿಕದಲ್ಲಿ ಮಾಡುವುದಾದರೆ ಬಿಡಿಎಸ್ ಒಂದರಿಂದಲೇ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಸಿಗುವುದಿಲ್ಲ. ಇಂಟರ್ನ್‌ಶಿಪ್ ಸೇರಿ ಐದು ವರ್ಷ ಓದಿ ಬಂದವರು ಕ್ಯಾಪಿಡ್ ಎಂಬ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಹಾಕಿ, ಇಲ್ಲಿಯ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷದ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಕೋರ್ಸ್ ಮಾಡಬೇಕು. ಸೀಟು ಕಡಿಮೆ, ಫೀಸು ಜಾಸ್ತಿ. ಟೆಕ್ಸಾಸಿನ ಸೀಟು ಕೈಯಲ್ಲಿರುವಾಗ ಅತ್ತೆಯವರಿಗೆ ವಂದಿಸಿ, ಮಗಳ ಠೇವಣಿ ಕಟ್ಟಿಬಿಡಿ.